ಫೋನ್ ಹೇಳುವ ಮಳೆ, ತಲೆ ಮೇಲಿನ ಮೋಡ

ಹವಾಮಾನದ ಆ್ಯಪ್ ತೆರೆದರೆ ಮಧ್ಯಾಹ್ನ 3 ಗಂಟೆಯ ಕೆಳಗೆ ಒಂದು ಪುಟ್ಟ ಮೋಡದ ಚಿತ್ರ, ಅದರಿಂದ ಉದುರುವ ಎರಡು ಹನಿ, ಪಕ್ಕದಲ್ಲಿ ಶೇ. 40 ಅಂತ ಇರುತ್ತದೆ. ಇಷ್ಟನ್ನೇ ನೋಡಿ ಕೊಡೆ ಬೇಕಾ ಬೇಡವಾ ಅಂತ ತೀರ್ಮಾನ ಮಾಡುತ್ತೇವೆ. ಮಳೆ ಬರದಿದ್ದರೆ "ಇವರು ಹೇಳೋದೆಲ್ಲ ಸುಳ್ಳು" ಅನ್ನುತ್ತೇವೆ. ಸುರಿದುಬಿಟ್ಟರೆ "ಬರೀ 40 ಅಂದಿದ್ರಲ್ಲ" ಅನ್ನುತ್ತೇವೆ. ಹೇಗಾದರೂ ಬೈಗುಳ ತಪ್ಪಿದ್ದಲ್ಲ. ಆ 40 ಯಾವ ಪ್ರಶ್ನೆಗೆ ಕೊಟ್ಟ ಉತ್ತರ ಅಂತ ಕೇಳುವವರು ಮಾತ್ರ ಕಡಿಮೆ.

ಅದು ದಿನದ ಶೇ. 40 ಹೊತ್ತು ಮಳೆ ಅಂತಲ್ಲ. ಊರಿನ ಶೇ. 40 ಭಾಗದಲ್ಲಿ ಮಳೆ ಅಂತಲೂ ಅಲ್ಲ. ಎಷ್ಟು ಜೋರು ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸಾಮಾನ್ಯವಾಗಿ ಅದರ ಅರ್ಥ ಇಷ್ಟೇ: ಆ ಪ್ರದೇಶದೊಳಗೆ ನೀವು ಆರಿಸಿಕೊಂಡ ಯಾವುದೇ ಒಂದು ಜಾಗದಲ್ಲಿ, ಹೇಳಿದ ಅವಧಿಯೊಳಗೆ, ಅಳೆಯಲು ಸಿಗುವಷ್ಟು ಮಳೆ ಬೀಳುವ ಸಾಧ್ಯತೆ. ಅಳೆಯಲು ಸಿಗುವಷ್ಟು ಅಂದರೆ ಎಷ್ಟು? ಅಮೆರಿಕದ ಲೆಕ್ಕದಲ್ಲಿ ಒಂದು ಇಂಚಿನ ನೂರನೇ ಒಂದು ಭಾಗ, ಸುಮಾರು ಕಾಲು ಮಿಲಿಮೀಟರ್. ನೆಲ ಒದ್ದೆಯಾಯಿತೋ ಇಲ್ಲವೋ ಅನ್ನುವಷ್ಟು. ಹಾಗಾಗಿ ತುಂತುರಿಗೂ ಜಡಿಮಳೆಗೂ ಶೇಕಡಾದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಶೇ. 90 ಅಂದ ದಿನ ನಾಲ್ಕು ಹನಿ ಬಿದ್ದು ಸುಮ್ಮನಾಗಬಹುದು, ಶೇ. 30 ಅಂದ ದಿನ ಚರಂಡಿ ಉಕ್ಕಬಹುದು. ಎರಡೂ ಸಲ ಮುನ್ಸೂಚನೆ ಸರಿಯೇ ಇರಬಹುದು.

ಇನ್ನೊಂದು ವಿಷಯ. ಶೇ. 40 ಸರಿಯೋ ತಪ್ಪೋ ಅಂತ ಒಂದೇ ದಿನ ನೋಡಿ ಹೇಳುವುದಕ್ಕೇ ಆಗುವುದಿಲ್ಲ. ಹಾಗೆ ಹೇಳಿದ ದಿನಗಳನ್ನೆಲ್ಲ ಒಟ್ಟು ಮಾಡಿ, ಅದರಲ್ಲಿ ಹತ್ತಕ್ಕೆ ನಾಲ್ಕು ದಿನ ಮಳೆ ಬಂದಿದ್ದರೆ ಹೇಳಿದವರು ಪಕ್ಕಾ ಅಂತ ಅರ್ಥ. ಇದಕ್ಕೊಂದು ಅಂಕ ಕೊಡುವ ವಿಧಾನವನ್ನು ಗ್ಲೆನ್ ಬ್ರಯರ್ ಅನ್ನುವವರು 1950ರಲ್ಲೇ ಬರೆದಿಟ್ಟರು, ಇವತ್ತಿಗೂ ಮುನ್ಸೂಚನೆಗಳಿಗೆ ಅದೇ ಮಾದರಿಯಲ್ಲಿ ಅಂಕ ಹಾಕುತ್ತಾರೆ. ಖಂಡಿತ ಬರುತ್ತದೆ ಅಂತ ಹೇಳಿ ಬರದಿದ್ದರೆ ದೊಡ್ಡ ದಂಡ, 40 ಅಂದು ಬರದಿದ್ದರೆ ಸಣ್ಣ ದಂಡ. ನನಗೆ ಈ ಲೆಕ್ಕ ತುಂಬ ನ್ಯಾಯ ಅನಿಸುತ್ತದೆ. ಗೊತ್ತಿಲ್ಲದ್ದನ್ನು ಎಷ್ಟು ಗೊತ್ತಿಲ್ಲ ಅಂತ ಅಳೆದು ಹೇಳುವವರು ಬೇರೆ ಯಾವ ಕಸುಬಲ್ಲಿದ್ದಾರೆ ಹೇಳಿ?

ಸರಿ, ಆ ಸಂಖ್ಯೆ ಬರುವುದಾದರೂ ಎಲ್ಲಿಂದ? ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರವನ್ನೇ ತೆಗೆದುಕೊಳ್ಳಿ. ಅಲ್ಲಿ ಒಂದೇ ಲೆಕ್ಕ ಮಾಡಿ ಬಿಡುವುದಿಲ್ಲ. ಈಗಿನ ಗಾಳಿ, ಉಷ್ಣತೆ, ತೇವವನ್ನು ಸ್ವಲ್ಪ ಸ್ವಲ್ಪ ಬದಲಿಸಿ ಅದೇ ಲೆಕ್ಕವನ್ನು 50 ಸಲ ಮಾಡುತ್ತಾರೆ, ಬದಲಾವಣೆ ಇಲ್ಲದ ಒಂದು ಬೇರೆ. ಯಾಕೆಂದರೆ ಈ ಕ್ಷಣದ ವಾತಾವರಣವೇ ಯಾರಿಗೂ ಪೂರ್ತಿ ಗೊತ್ತಿಲ್ಲ. ಸಮುದ್ರದ ಮೇಲೆ, ಕಾಡಿನ ಮೇಲೆ, ಹತ್ತು ಕಿಲೋಮೀಟರ್ ಎತ್ತರದಲ್ಲಿ ಉಪಕರಣ ಇಟ್ಟು ಕಾಯುವವರಿಲ್ಲ. ಉಪಗ್ರಹ ನೋಡುತ್ತದೆ, ಬಲೂನು ಅಳೆಯುತ್ತದೆ, ವಿಮಾನಗಳು ಹೋಗ್ತಾ ಬರ್ತಾ ಅಳೆದು ಕಳಿಸುತ್ತವೆ, ಆದರೂ ಸಂದು ಉಳಿದೇ ಉಳಿಯುತ್ತದೆ. 50ರಲ್ಲಿ 20 ಲೆಕ್ಕ ಮಳೆ ಅಂದರೆ ಶೇ. 40. ಸ್ಥೂಲವಾಗಿ ವಿಷಯ ಇಷ್ಟು, ಅದರ ಮೇಲೆ ಹಳೆಯ ತಪ್ಪುಗಳನ್ನು ನೋಡಿ ತಿದ್ದುವುದು ಒಂದಿಷ್ಟಿದೆ.

ಈ ಲೆಕ್ಕದಲ್ಲಿ ಇಡೀ ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿರುತ್ತಾರೆ. ಇಂಥ ಲೆಕ್ಕ ಮಾಡುವ ಕಂಪ್ಯೂಟರ್ ವ್ಯವಸ್ಥೆಗೆ ಮಾದರಿ ಅನ್ನುತ್ತಾರೆ. ಒಳ್ಳೆಯ ಜಾಗತಿಕ ಮಾದರಿಯಲ್ಲೂ ಒಂದು ಚೌಕ ಸುಮಾರು 9 ಕಿಲೋಮೀಟರ್ ಅಗಲ. ಮಧ್ಯಾಹ್ನ ಬಿಸಿಲಿಗೆ ಹುಟ್ಟುವ ಒಂದು ಮಳೆಮೋಡ ಕೆಲವೇ ಕಿಲೋಮೀಟರ್ ಅಗಲ ಇರುತ್ತದೆ, ಅದರ ಆಯಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಅಂದರೆ ನಿಮ್ಮನ್ನು ನೆನೆಸುವ ಮೋಡ ಆ ಲೆಕ್ಕದ ಕಣ್ಣಿಗೆ ಬೀಳುವುದೇ ಇಲ್ಲ! ಈ ಚೌಕದಲ್ಲಿ ಮೋಡ ಏಳುವ ಪರಿಸ್ಥಿತಿ ಇದೆ ಅಂತ ಮಾತ್ರ ಅದಕ್ಕೆ ಗೊತ್ತು. ಯಾವ ಬೀದಿಯ ಮೇಲೆ, ಎಷ್ಟು ಗಂಟೆಗೆ ಅಂತ ಗೊತ್ತಿಲ್ಲ. ಆದರೆ ಆ್ಯಪ್ ಏನು ಮಾಡುತ್ತದೆ? ಮುಂದಿನ ಗುರುವಾರ ಮಧ್ಯಾಹ್ನ 3ಕ್ಕೆ ಮಳೆ, 4ಕ್ಕೆ ಬಿಸಿಲು ಅಂತ ಚಿತ್ರ ಹಾಕುತ್ತದೆ. ಇದು ಮಾತ್ರ ನನಗೆ ಸಿಟ್ಟು ಬರಿಸುವ ವಿಷಯ. ವಿಜ್ಞಾನಿಗಳು ಎಷ್ಟು ಎಚ್ಚರದಿಂದ ಅನುಮಾನ ಇಟ್ಟುಕೊಂಡು ಹೇಳಿದ್ದನ್ನು ಪರದೆಯ ಮೇಲೆ ಗಂಟೆಗೊಂದು ಬೊಂಬೆ ಮಾಡಿ ಕೂರಿಸಿಬಿಟ್ಟಿದ್ದಾರೆ. ಎರಡು ಆ್ಯಪ್ ಎರಡು ಥರ ಹೇಳಿದರೆ ಗಾಬರಿಯಾಗಬೇಡಿ. ಒಂದರ ಹಿಂದೆ ಅಮೆರಿಕದ ಮಾದರಿ, ಇನ್ನೊಂದರ ಹಿಂದೆ ಯುರೋಪಿನದು ಇರಬಹುದು, ಅಷ್ಟೇ. ಎರಡೂ ಒಂದೇ ಮಾತು ಹೇಳಿದರೆ ಸ್ವಲ್ಪ ಜಾಸ್ತಿ ನಂಬಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಮುನ್ಸೂಚನೆಯ ಬಗ್ಗೆ ನನಗೆ ಗೌರವ ಜಾಸ್ತಿಯೇ. ಅದರ ಚರಿತ್ರೆ ಓದಿದರೆ ಯಾರಿಗಾದರೂ ಹಾಗನಿಸುತ್ತದೆ. ಲೂಯಿಸ್ ಫ್ರೈ ರಿಚರ್ಡ್‌ಸನ್ ಅಂತ ಒಬ್ಬ ಇಂಗ್ಲಿಷ್ ಗಣಿತಜ್ಞ, ಯುದ್ಧ ಬೇಡ ಅನ್ನುವ ಮನುಷ್ಯ. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದರು. ಬಿಡುವಿದ್ದಾಗ ಹುಲ್ಲಿನ ರಾಶಿಯ ಮೇಲೆ ಕೂತು 1910ರ ಮೇ 20ರ ಹವಾಮಾನವನ್ನು ಕೈಲೆಕ್ಕದಲ್ಲಿ ಕಂಡುಹಿಡಿಯಲು ಹೊರಟರು. ಆರು ಗಂಟೆ ಮುಂದಿನದನ್ನು ಹೇಳಲು ವಾರಗಟ್ಟಲೆ ಲೆಕ್ಕ. ಬಂದ ಉತ್ತರ: ಆರು ಗಂಟೆಯಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತದೆ. ಆವತ್ತು ನಿಜವಾಗಿ ಒತ್ತಡ ಹೆಚ್ಚುಕಮ್ಮಿ ಕದಲಿರಲೇ ಇಲ್ಲ. 145 ಅನ್ನುವುದು ಎಂಥ ಚಂಡಮಾರುತದಲ್ಲೂ ಕಾಣದಷ್ಟು ದೊಡ್ಡ ಜಿಗಿತ. ಹಸ್ತಪ್ರತಿ ಯುದ್ಧದ ಗದ್ದಲದಲ್ಲಿ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ಸಿಕ್ಕಿತು. 1922ರಲ್ಲಿ ಆ ತಪ್ಪು ಉತ್ತರವನ್ನು ಹಾಗೇ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ದಾರಿ ಸರಿ ಇದೆ, ಇದನ್ನು ಮಾಡಲು 64,000 ಜನ ಒಟ್ಟಿಗೆ ಕೂತು ಲೆಕ್ಕ ಹಾಕಬೇಕು ಅಂತ ಬರೆದರು. 1950ರಲ್ಲಿ ಎನಿಯಾಕ್ ಕಂಪ್ಯೂಟರಿನಲ್ಲಿ ಒಂದು ದಿನದ ಮುನ್ಸೂಚನೆ ಲೆಕ್ಕ ಮಾಡಲು ಸುಮಾರು ಒಂದು ದಿನವೇ ಹಿಡಿಯಿತು. ಹವಾಮಾನದ ಜೊತೆಜೊತೆಗೇ ಓಡಿದ ಹಾಗಾಯಿತು. ಅಲ್ಲಿಂದ ಈಚೆಗೆ ಬೆಳೆದದ್ದು ನೋಡಿ. ಕಳೆದ ಕೆಲವು ದಶಕಗಳಲ್ಲಿ, ಹತ್ತು ವರ್ಷಕ್ಕೆ ಒಂದು ದಿನದಂತೆ ಮುನ್ಸೂಚನೆಯ ದೂರ ಹೆಚ್ಚಿದೆ. ಇವತ್ತಿನ ಐದನೇ ದಿನದ ಮಾತು ಇಪ್ಪತ್ತು ವರ್ಷದ ಹಿಂದಿನ ಮೂರನೇ ದಿನದ ಮಾತಿನಷ್ಟು ಗಟ್ಟಿ.

ಆದರೆ ಇವೆಲ್ಲ ನಾಳೆ, ನಾಡಿದ್ದಿನ ವಿಷಯ, ಒಂದು ಇಡೀ ಪ್ರದೇಶದ ವಿಷಯ. ಇನ್ನು ಎರಡು ಗಂಟೆಯಲ್ಲಿ, ನಾನು ನಿಂತ ಜಾಗದಲ್ಲಿ ಏನಾಗುತ್ತದೆ ಅನ್ನೋದು ಬೇರೆಯೇ ಪ್ರಶ್ನೆ. ಅದಕ್ಕೆ ತಲೆ ಎತ್ತಬೇಕು.

ಮೋಡದ ಬಗ್ಗೆ ಮಾತಾಡುವವರು ಮೊದಲು ಹೆಸರಿನ ಪಟ್ಟಿ ಕೊಡುತ್ತಾರೆ. ಶಾಲೆಯಲ್ಲೂ ಹಾಗೆಯೇ, ನಾಲ್ಕು ಚಿತ್ರ, ನಾಲ್ಕು ಹೆಸರು, ಪರೀಕ್ಷೆಗೆ ಎರಡು ಅಂಕ. ಈ ಹೆಸರುಗಳನ್ನು ಕೊಟ್ಟ ಲ್ಯೂಕ್ ಹೊವಾರ್ಡ್ ಮಾತ್ರ ಹಾಗೆ ಯೋಚನೆ ಮಾಡಿದವರಲ್ಲ. ಅವರು ಔಷಧಿ ತಯಾರಿಸುವ ವ್ಯಾಪಾರಿ, ಹವಾಮಾನ ಬರೀ ಹವ್ಯಾಸ. 1802ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ಸಣ್ಣ ವಿಜ್ಞಾನ ಕೂಟದಲ್ಲಿ ಮಾತಾಡುತ್ತ ಮೋಡಗಳನ್ನು ಸಿರಸ್, ಕ್ಯುಮುಲಸ್, ಸ್ಟ್ರಾಟಸ್ ಅಂತ ವಿಂಗಡಿಸಿದರು, ಮಳೆ ಸುರಿಸುವುದಕ್ಕೆ ನಿಂಬಸ್ ಅಂದರು. ನಮ್ಮ ಪಠ್ಯಪುಸ್ತಕಗಳ ಹಿಮಕಣ ಮೋಡ, ರಾಶಿ ಮೋಡ, ಪದರು ಮೋಡ ಇವೇ. ಅದೇ ವರ್ಷ ಫ್ರಾನ್ಸಿನಲ್ಲಿ ಲಾಮಾರ್ಕ್ ಕೂಡ ಬೇರೆ ಹೆಸರುಗಳನ್ನಿಟ್ಟು ವಿಂಗಡಿಸಿದ್ದರು, ಅವು ಉಳಿಯಲಿಲ್ಲ. ಹೊವಾರ್ಡರ ಹೆಸರುಗಳು ಗೆದ್ದದ್ದಕ್ಕೆ ಲ್ಯಾಟಿನ್ ಒಂದು ಕಾರಣ, ಯಾವ ದೇಶದವರಿಗೂ ಅದು ಪರರ ಭಾಷೆ ಅನಿಸಲಿಲ್ಲ. ನನಗೆ ಅದಕ್ಕಿಂತ ಹಿಡಿಸುವುದು ಇನ್ನೊಂದು. ಒಂದು ಬಗೆಯ ಮೋಡ ಇನ್ನೊಂದು ಬಗೆಯಾಗಿ ಬದಲಾಗುತ್ತದೆ ಅಂತ ಅವರು ಮೊದಲೇ ಕಂಡಿದ್ದರು, ಅದಕ್ಕೇ ಸಿರೊಸ್ಟ್ರಾಟಸ್, ಸಿರೊಕ್ಯುಮುಲಸ್ ಅಂತ ನಡುವಿನ ಜೋಡಿ ಹೆಸರುಗಳನ್ನೂ ಕೊಟ್ಟರು. 1896ರಲ್ಲಿ ಮೊದಲ ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸ್ ಬಂತು. ಈಗ ಮುಖ್ಯ ಬಗೆಗಳು 10, ಅವುಗಳೊಳಗೆ ಜಾತಿ ಉಪಜಾತಿ ಬೇಕಾದಷ್ಟು. 2017ರಲ್ಲೂ ಕೆಲವು ಹೊಸ ಹೆಸರು ಸೇರಿದವು.

ಹತ್ತೂ ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಮೋಡ ಈಗ ಏನು ಅನ್ನೋದಕ್ಕಿಂತ ಅರ್ಧ ಗಂಟೆಯ ಹಿಂದೆ ಏನಾಗಿತ್ತು ಅನ್ನೋದು ಜಾಸ್ತಿ ಹೇಳುತ್ತದೆ.

ಮೊದಲು ಮೋಡ ಅಂದರೆ ಏನು ಅನ್ನೋದು. ಅದು ಆವಿ ಅಲ್ಲ, ಆವಿ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ನೀರಿನ ಹನಿಗಳು ಅಥವಾ ಮಂಜುಗಡ್ಡೆಯ ಹರಳುಗಳು. ನೆಲದ ಹತ್ತಿರದ ಬಿಸಿಗಾಳಿ ಏಳುತ್ತದೆ, ಏರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ, ಕಿಲೋಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿ. ಒಂದು ಎತ್ತರ ದಾಟಿದ ಮೇಲೆ ಅದರೊಳಗಿನ ಆವಿ ದೂಳಿನ ಕಣ, ಉಪ್ಪಿನ ಕಣ, ಹೊಗೆಯ ಕಣಗಳನ್ನು ಹಿಡಿದು ಹನಿಗಟ್ಟುತ್ತದೆ. ರಾಶಿ ಮೋಡಗಳ ತಳ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿರುವುದು ಇದಕ್ಕೇ. ಆ ಎತ್ತರವನ್ನು ನೀವೇ ಅಂದಾಜು ಮಾಡಬಹುದು. ಆ್ಯಪ್‌ನಲ್ಲಿ ಎಲ್ಲೋ ಕೆಳಗೆ ಇಬ್ಬನಿ ಬಿಂದು (ಡ್ಯೂ ಪಾಯಿಂಟ್) ಅಂತ ಒಂದು ಸಂಖ್ಯೆ ಇರುತ್ತದೆ, ಯಾರೂ ನೋಡುವುದಿಲ್ಲ. ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಅದರ ಆವಿ ಹನಿಗಟ್ಟುತ್ತದೋ ಅದು. ಉಷ್ಣತೆಯಿಂದ ಅದನ್ನು ಕಳೆದು 125ರಿಂದ ಗುಣಿಸಿ. ಉಷ್ಣತೆ 32, ಇಬ್ಬನಿ ಬಿಂದು 24 ಆದರೆ ವ್ಯತ್ಯಾಸ 8, ಮೋಡದ ತಳ ಸುಮಾರು 1,000 ಮೀಟರ್ ಮೇಲೆ. ಬಿಸಿಲಿಗೆ ಏಳುವ ರಾಶಿ ಮೋಡಗಳಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ, ಪದರ ಪದರವಾಗಿ ಬರುವುದಕ್ಕೆ ಅಷ್ಟಾಗಿ ಇಲ್ಲ. ಶೇಕಡಾ ತೇವಾಂಶಕ್ಕಿಂತ ಈ ಇಬ್ಬನಿ ಬಿಂದುವೇ ಸೆಕೆಯ ಬಗ್ಗೆಯೂ ನಿಜ ಹೇಳುತ್ತದೆ, ಆದರೆ ಅದು ಇನ್ನೊಂದು ದಿನದ ಮಾತು.

ಮೋಡದ ಹನಿ ಒಂದು ಮಿಲಿಮೀಟರಿನ ಐವತ್ತನೇ ಭಾಗ, ಅಥವಾ ಅದಕ್ಕೂ ಚಿಕ್ಕದು. ಬೀಳುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಆಸುಪಾಸು. ಕೆಳಗಿನಿಂದ ಸ್ವಲ್ಪ ಗಾಳಿ ಏಳುತ್ತಿದ್ದರೂ ಅದು ಕೆಳಗೆ ಬರುವುದಿಲ್ಲ. ಒಂದು ಕಿಲೋಮೀಟರ್ ಉದ್ದ, ಅಗಲ, ಎತ್ತರ ಇರುವ ಸಾಧಾರಣ ರಾಶಿ ಮೋಡದಲ್ಲಿ ಘನ ಮೀಟರಿಗೆ ಅರ್ಧ ಗ್ರಾಂ ನೀರು ಅಂತಿಟ್ಟುಕೊಂಡರೂ ಒಟ್ಟು 500 ಟನ್ ಆಗುತ್ತದೆ. ಇಷ್ಟು ಭಾರ ಹೇಗೆ ನಿಂತಿದೆ ಅಂತ ಬೆರಗಾಗುತ್ತದೆ ಅಲ್ವಾ? ಅದೇ ಜಾಗದ ಗಾಳಿಯ ತೂಕ ಹತ್ತು ಲಕ್ಷ ಟನ್‌ನ ಹತ್ತಿರ. ನೀರು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಎರಡು ಮಿಲಿಮೀಟರಿನ ಒಂದೇ ಒಂದು ಮಳೆಹನಿ ಆಗಬೇಕಾದರೆ ಇಂಥ ಹತ್ತು ಲಕ್ಷ ಹನಿಗಳು ಸೇರಬೇಕು. ಹೀಗಾಗಿ ಬಹುಪಾಲು ಮೋಡಗಳು ಮಳೆ ಸುರಿಸದೆಯೇ ಕರಗಿಹೋಗುತ್ತವೆ.

ಹಾಗಾದರೆ ಯಾವುದು ಸುರಿಸುತ್ತದೆ? ಕಪ್ಪಾದದ್ದು ಅಂತ ಎಲ್ಲರೂ ಹೇಳುತ್ತಾರೆ. ನಾನು ಬಣ್ಣವನ್ನು ಅಷ್ಟಾಗಿ ನಂಬುವುದಿಲ್ಲ. ತಳ ಕಪ್ಪಗೆ ಕಾಣುವುದು ಮೋಡ ದಪ್ಪ ಇದೆ, ಮೇಲಿನ ಬೆಳಕು ಕೆಳಗೆ ಇಳಿಯುತ್ತಿಲ್ಲ ಅನ್ನುವುದಕ್ಕೆ ಮಾತ್ರ. ಅದೇ ಮೋಡವನ್ನು ಸೂರ್ಯನ ಕಡೆಯಿಂದ ನೋಡಿದರೆ ಬೆಳ್ಳಗೆ ಹೊಳೆಯುತ್ತದೆ, ಇನ್ನೊಂದು ಮೋಡದ ನೆರಳು ಬಿದ್ದರೆ ಪಾಪದ ಸಣ್ಣ ಮೋಡವೂ ಕಪ್ಪಾಗುತ್ತದೆ. ಬಣ್ಣಕ್ಕಿಂತ ಆಕಾರ ನೋಡಿ, ಅಂಚು ನೋಡಿ.

ಬೆಳಿಗ್ಗೆ ಹತ್ತರ ಹೊತ್ತಿಗೆ ರಾಶಿ ಮೋಡಗಳು ಏಳುತ್ತವೆ ಅನ್ನಿ. ಅಗಲ ಜಾಸ್ತಿ, ಎತ್ತರ ಕಡಿಮೆ ಇದ್ದು ಮಧ್ಯಾಹ್ನದವರೆಗೂ ಹಾಗೇ ಉಳಿದರೆ ಆ ದಿನ ಚೆನ್ನಾಗಿರುತ್ತದೆ. ಮೇಲೆಲ್ಲೋ ಬಿಸಿಗಾಳಿಯ ಒಂದು ಪದರ ಮುಚ್ಚಳದ ಥರ ಕೂತಿದೆ, ಮೋಡ ಅದನ್ನು ದಾಟಲಾರದು ಅಂತ ಅರ್ಥ. ಆ ಮುಚ್ಚಳಕ್ಕೆ ತಾಗಿ ಮೋಡಗಳು ಅಡ್ಡಡ್ಡ ಹರಡಿ ಒಂದಕ್ಕೊಂದು ಸೇರಿದರೆ ಸ್ಟ್ರಾಟೊಕ್ಯುಮುಲಸ್. ಭೂಮಿಯ ಮೇಲೆ ಅತಿ ಹೆಚ್ಚು ಜಾಗ ಮುಚ್ಚುವ ಮೋಡ ಇದೇ, ಮಂಕು ಕವಿಸುತ್ತದೆ, ಮಳೆ ಕಡಿಮೆ. ಆದರೆ ಅಗಲಕ್ಕಿಂತ ಎತ್ತರ ಜಾಸ್ತಿಯಾಗುತ್ತ ಹೋದರೆ, ಅದೂ ಊಟದ ಹೊತ್ತಿಗೆ ಮೊದಲೇ, ಆವತ್ತಿನ ಮಧ್ಯಾಹ್ನದ ಮೇಲೆ ಕಣ್ಣಿಡಬೇಕು. ಇನ್ನೂ ಮೊದಲೇ ಸಿಗುವ ಸುಳಿವೂ ಒಂದಿದೆ. ಬೆಳ್ಳಂಬೆಳಿಗ್ಗೆ, ನಡು ಎತ್ತರದಲ್ಲಿ, ಒಂದೇ ಸಾಲಿನ ತಳದಿಂದ ಪುಟ್ಟ ಪುಟ್ಟ ಗೋಪುರಗಳು ಎದ್ದ ಹಾಗೆ ಮೋಡ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಮಾಯವೂ ಆಗುತ್ತದೆ, ನೀಲಿ ಆಕಾಶ, ಎಲ್ಲರೂ ನಿರಾಳ. ಮೇಲಿನ ಗಾಳಿ ಆಗಲೇ ಅಸ್ಥಿರವಾಗಿದೆ ಅನ್ನುವುದಕ್ಕೆ ಅದು ಗುರುತು. ನೆಲ ಕಾದು ಕೆಳಗಿನಿಂದ ಗಾಳಿ ಏಳುವುದೊಂದು ಬಾಕಿ, ಸಂಜೆಗೆ ಗುಡುಗು.

ನಿಜವಾದ ನಾಟಕ ನಡೆಯುವುದು ಮೋಡದ ತಲೆಯಲ್ಲಿ. ಎತ್ತರಕ್ಕೆ ಏರುವ ರಾಶಿ ಮೋಡದ ಅಂಚು ಹೂಕೋಸಿನ ಹಾಗೆ ಗಟ್ಟಿಯಾಗಿ, ಕತ್ತರಿಸಿದಷ್ಟು ಸ್ಪಷ್ಟವಾಗಿ ಕಾಣುತ್ತಿದ್ದರೆ ಅದರಲ್ಲಿ ಇನ್ನೂ ನೀರಿನ ಹನಿಗಳೇ ಇವೆ. ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ಹೋದರೂ ಈ ಹನಿಗಳು ಹೆಪ್ಪುಗಟ್ಟದೆ ಇರಬಲ್ಲವು. ನೋಡ್ತಾ ನೋಡ್ತಾ ಆ ತಲೆಯ ಅಂಚು ಮಸುಕಾಗುತ್ತದೆ, ಎಳೆ ಎಳೆಯಾಗುತ್ತದೆ. ಹನಿಗಳು ಹರಳಾಗುತ್ತಿವೆ ಅಂತ ಅರ್ಥ. ಹರಳು ಒಮ್ಮೆ ಹುಟ್ಟಿದರೆ ಸುತ್ತಲಿನ ಹನಿಗಳ ನೀರನ್ನು ಆವಿಯ ಮೂಲಕ ಕಬಳಿಸಿ ಬೇಗ ಬೇಗ ದಪ್ಪಗಾಗುತ್ತದೆ, ಭಾರವಾಗಿ ಬೀಳುತ್ತದೆ, ಕೆಳಗಿನ ಬೆಚ್ಚನೆಯ ಗಾಳಿಯಲ್ಲಿ ಕರಗಿ ಮಳೆಯಾಗುತ್ತದೆ. ಬಿಸಿ ವಲಯದ ನಾಡುಗಳಲ್ಲಿ ಹರಳಿನ ಸಹವಾಸವೇ ಇಲ್ಲದೆ ಹನಿಗೆ ಹನಿ ಡಿಕ್ಕಿ ಹೊಡೆದು ಕೂಡಿಕೊಂಡೂ ಮಳೆ ಆಗುತ್ತದೆ, ನಿಜ. ಆದರೆ ದೊಡ್ಡ ಗುಡುಗು ಮಳೆಗೆ ಈ ಮಸುಕಾಗುವ ತಲೆಗಿಂತ ಒಳ್ಳೆಯ ಮುನ್ಸೂಚನೆ ನಾನು ನೋಡಿಲ್ಲ. ಅಂಚು ಸ್ಪಷ್ಟವಾಗಿದ್ದ ಮೋಡದ ನೆತ್ತಿ ಕೂದಲೆದ್ದ ಹಾಗೆ ಕಂಡಿತು ಅಂದರೆ ಅದು ಈಗ ಕ್ಯುಮುಲೊನಿಂಬಸ್, ಗುಡುಗು ಮೋಡ. ಒಣಗಲು ಹಾಕಿದ ಬಟ್ಟೆ ತೆಗೆಯಿರಿ.

ಅದು ಇನ್ನೂ ಬೆಳೆದರೆ ಮೇಲಿನ ಸ್ಥಿರ ಪದರಕ್ಕೆ ತಗುಲಿ ತಲೆ ಚಪ್ಪಟೆಯಾಗಿ ಹರಡುತ್ತದೆ. ಕಮ್ಮಾರನ ಅಡಿಗಲ್ಲಿನ ಹಾಗೆ ಕಾಣುವುದರಿಂದ ಹವಾಮಾನದವರು ಇದನ್ನು ಅಡಿಗಲ್ಲು ಅನ್ನುತ್ತಾರೆ. ಬಿಸಿ ವಲಯದಲ್ಲಿ ಈ ತಲೆ 16–18 ಕಿಲೋಮೀಟರ್ ಮೇಲಿರಬಹುದು. ಪ್ರಯಾಣಿಕರ ವಿಮಾನ ಹಾರುವುದು 10–12ರಲ್ಲಿ, ಹಾಗಾಗಿ ಪೈಲಟ್‌ಗಳು ಇದರ ಮೇಲೆ ಹೋಗುವ ಯೋಚನೆ ಬಿಟ್ಟು ಸುತ್ತು ಹಾಕಿಕೊಂಡೇ ಹೋಗುತ್ತಾರೆ. ಒಳಗೆ ಹೇಗಿರುತ್ತದೆ ಅಂತ ಅನುಭವಿಸಿ ಬದುಕಿ ಬಂದವರು ವಿಲಿಯಂ ರ‍್ಯಾಂಕಿನ್ ಅನ್ನುವ ಅಮೆರಿಕದ ಪೈಲಟ್. 1959ರ ಜುಲೈನಲ್ಲಿ ಇಂಥ ಮೋಡದ ಮೇಲೆ ಹಾರುವಾಗ ಅವರ ಯುದ್ಧ ವಿಮಾನದ ಎಂಜಿನ್ ಕೆಟ್ಟಿತು, ಸುಮಾರು 14 ಕಿಲೋಮೀಟರ್ ಎತ್ತರದಿಂದ ಹೊರಕ್ಕೆ ಹಾರಿದರು. ಹತ್ತು ಹದಿನೈದು ನಿಮಿಷದಲ್ಲಿ ನೆಲ ಸೇರಬೇಕಾಗಿತ್ತು. ಏಳುವ ಗಾಳಿ ಪ್ಯಾರಾಚೂಟಿನ ಸಮೇತ ಮತ್ತೆ ಮತ್ತೆ ಮೇಲಕ್ಕೆ ಎತ್ತಿ ಎಸೆದು ಸುಮಾರು 40 ನಿಮಿಷ ಹಿಡಿಯಿತು. ಆಲಿಕಲ್ಲಿನ ಏಟು, ಕಣ್ಣು ಕುಕ್ಕುವ ಮಿಂಚು, ಉಸಿರಾಡಿದರೆ ಬಾಯಿಗೆ ನೀರು. ಆಲಿಕಲ್ಲು ದಪ್ಪಗಾಗುವುದೂ ಇದೇ ಗಾಳಿಯ ಬಲದಿಂದ, ಬೀಳಲು ಬಿಡದೆ ಮೇಲೆಯೇ ಹಿಡಿದಿಡುವುದರಿಂದ.

ಈ ಮೋಡ ನಿಮ್ಮ ಕಡೆ ಬರುತ್ತಿದೆ ಅನ್ನುವುದಕ್ಕೆ ಕೊನೆಯ ಗುರುತು ತಣ್ಣನೆ ಗಾಳಿ. ಸೆಕೆಯಲ್ಲಿ ಬೇಯುತ್ತಿರುವಾಗ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ, ತಂಪಾಗಿ, ದೂಳೆಬ್ಬಿಸಿಕೊಂಡು ಬೀಸುತ್ತದೆ. ಬೀಳುವ ಮಳೆಯ ಒಂದಿಷ್ಟು ಭಾಗ ಆವಿಯಾಗುತ್ತ ಗಾಳಿಯನ್ನು ತಣ್ಣಗೆ ಮಾಡುತ್ತದೆ, ತಣ್ಣನೆ ಗಾಳಿ ಭಾರ, ಅದು ನೆಲಕ್ಕೆ ಕುಸಿದು ಎಲ್ಲ ಕಡೆ ಹರಡುತ್ತದೆ. ಮಳೆಗಿಂತ ಮುಂಚೆ ನಿಮ್ಮನ್ನು ತಲುಪುವುದು ಇದು. ಎಷ್ಟೋ ಸಲ ಗಾಳಿ ಮಾತ್ರ ಬಂದು ಮಳೆ ಪಕ್ಕದಲ್ಲೇ ಜಾರಿಕೊಂಡು ಹೋಗುವುದೂ ಉಂಟು. ಹಾಗೆ ಹರಡಿದ ತಣ್ಣನೆ ಗಾಳಿಯೇ ಇನ್ನೆಲ್ಲೋ ಬಿಸಿಗಾಳಿಯನ್ನು ಎತ್ತಿ ಹೊಸ ಮೋಡ ಹುಟ್ಟಿಸುತ್ತದೆ. ಯಾವ ಬೀದಿಗೆ ಮಳೆ ಅಂತ ಹಿಂದಿನ ದಿನವೇ ಹೇಳುವುದು ಯಾಕೆ ಆಗದ ಕೆಲಸ ಅಂತ ಇಲ್ಲಿ ಅರ್ಥವಾಗುತ್ತದೆ.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಆದರೆ ಈ ಎಣಿಕೆಯನ್ನು ಧೈರ್ಯಕ್ಕೆ ಬಳಸಬೇಡಿ. ಸಿಡಿಲು ಮಳೆ ಇಲ್ಲದ ಕಡೆಯೂ, ಮೋಡದಿಂದ ಹತ್ತು ಕಿಲೋಮೀಟರ್ ದೂರದಲ್ಲೂ ಹೊಡೆಯಬಹುದು. ಗುಡುಗು ಕೇಳುತ್ತಿದೆ ಅಂದರೆ ಅದರ ಕೈಗೆ ಸಿಗುವಷ್ಟು ಹತ್ತಿರ ಇದ್ದೀರಿ ಅಂತಲೇ ಲೆಕ್ಕ. ಒಳಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಒಳಗೇ ಇರಿ.

ಇನ್ನು ಪದರು ಮೋಡಗಳ ಕಥೆ ನಿಧಾನದ್ದು. ಸಮಶೀತೋಷ್ಣ ವಲಯದ ನಾಡುಗಳಲ್ಲಿ ಮಳೆ ಬಹಳ ಸಲ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ. ಮೊದಲು ಎತ್ತರದಲ್ಲಿ ಎಳೆ ಎಳೆ ಸಿರಸ್. ಆಮೇಲೆ ಇಡೀ ಆಕಾಶಕ್ಕೆ ತೆಳು ಪರದೆ ಎಳೆದಂತೆ ಸಿರೊಸ್ಟ್ರಾಟಸ್, ಸೂರ್ಯನ ಅಥವಾ ಚಂದ್ರನ ಸುತ್ತ ದೊಡ್ಡ ಬಳೆ. ಕೈ ಪೂರ್ತಿ ಚಾಚಿ ಬೆರಳು ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಎಷ್ಟು ದೂರವೋ ಸುಮಾರು ಅಷ್ಟು ದೂರದಲ್ಲಿ ಈ ಬಳೆ ಇರುತ್ತದೆ, 22 ಡಿಗ್ರಿ. ಆರು ಮುಖದ ಹರಳುಗಳು ಬೆಳಕನ್ನು ಬಾಗಿಸುವುದರಿಂದ ಆ ಕೋನ ಯಾವಾಗಲೂ ಅದೇ. ಚಂದ್ರನಿಗೆ ಅಂಟಿಕೊಂಡ ಸಣ್ಣ ಬಣ್ಣದ ಬಳೆ ಬೇರೆ, ಅದು ನೀರಿನ ಹನಿಗಳ ಕೆಲಸ. ಪರದೆ ದಪ್ಪಗಾಗುತ್ತ ಹೋದಂತೆ ಸೂರ್ಯ ಮಬ್ಬು ಗಾಜಿನ ಹಿಂದಿನ ದೀಪದಂತೆ ಕಾಣುತ್ತದೆ. ನೆರಳು ಇನ್ನೂ ಬೀಳುತ್ತಿದ್ದರೆ ಸಿರೊಸ್ಟ್ರಾಟಸ್, ನಿಮ್ಮ ನೆರಳು ಮಾಯವಾಗಿದ್ದರೆ ಆಲ್ಟೊಸ್ಟ್ರಾಟಸ್. ಸೂರ್ಯನೂ ಕಾಣೆಯಾಗಿ ಎಲ್ಲ ಒಂದೇ ಬೂದು ಬಣ್ಣವಾದರೆ ನಿಂಬೊಸ್ಟ್ರಾಟಸ್, ಗಂಟೆಗಟ್ಟಲೆ ಬಿಡದೆ ಸುರಿಯುವ ಮಳೆ. ಬಿಸಿ ವಲಯದಲ್ಲಿ ಈ ಸರಣಿಯನ್ನು ಹಾಗೇ ನಂಬಿ ಕೂರಬಾರದು. ಅಲ್ಲಿ ಎತ್ತರದ ಎಳೆಮೋಡ ಎಲ್ಲೋ ದೂರದಲ್ಲಿ ಆಗಲೇ ಸುರಿದು ಮುಗಿದ ಗುಡುಗು ಮೋಡದ ತಲೆಯ ಚೂರೂ ಆಗಿರಬಹುದು. ಇಂಗ್ಲಿಷ್ ಪುಸ್ತಕ ಓದಿ ಮೋಡ ಕಲಿತವರು ಎಡವುವುದು ಬಹಳ ಸಲ ಇಲ್ಲೇ.

ತುಂಡು ತುಂಡಾಗಿ ಹರಡಿದ ಮೋಡ ಕಂಡಾಗ ಅದು ಎಷ್ಟು ಮೇಲಿದೆ ಅಂತ ಗೊಂದಲ ಆಗುವುದುಂಟು. ಅದಕ್ಕೊಂದು ಸುಲಭ ಉಪಾಯ ಅಟ್ಲಾಸಿನಲ್ಲೇ ಇದೆ. ಕೈ ಚಾಚಿ, ಮೂರು ಬೆರಳು ಜೋಡಿಸಿ ಹಿಡಿಯಿರಿ. ಒಂದೊಂದು ತುಂಡು ಮೂರು ಬೆರಳಿಗಿಂತ ಅಗಲವಾಗಿದ್ದರೆ ಕೆಳಗಿನ ಸ್ಟ್ರಾಟೊಕ್ಯುಮುಲಸ್, ಕಿರುಬೆರಳ ಹಿಂದೆ ಅಡಗುವಷ್ಟು ಸಣ್ಣದಿದ್ದರೆ ಎತ್ತರದ ಸಿರೊಕ್ಯುಮುಲಸ್, ನಡುವೆ ಇದ್ದರೆ ಆಲ್ಟೊಕ್ಯುಮುಲಸ್. ದಿಗಂತದ ಹತ್ತಿರದ್ದಕ್ಕೆ ಇದು ನಡೆಯುವುದಿಲ್ಲ, ತಕ್ಕಮಟ್ಟಿಗೆ ತಲೆ ಮೇಲಿರುವುದನ್ನೇ ಅಳೆಯಬೇಕು. ವಿಮಾನ ಬಿಟ್ಟು ಹೋಗುವ ಬಿಳಿ ಗೆರೆಯನ್ನೂ ನೋಡಿ. ಬೇಗ ಅಳಿಸಿಹೋದರೆ ಮೇಲಿನ ಗಾಳಿ ಒಣಗಿದೆ, ಉಳಿದು ಅಗಲವಾಗುತ್ತ ಹೋದರೆ ಅಲ್ಲಿ ತೇವ ತುಂಬಿದೆ.

ಫೋನೂ ಆಕಾಶವೂ ಜಗಳಕ್ಕೆ ಬಿದ್ದರೆ? ನಾನು ಮೊದಲು ನೋಡುವುದು ಈಗ ಎಲ್ಲೆಲ್ಲಿ ಮಳೆ ಇದೆ ಅಂತ ತೋರಿಸುವ ರೇಡಾರ್ ಚಿತ್ರ, ಗಂಟೆಗೊಂದರಂತಿರುವ ಬೊಂಬೆಗಳನ್ನಲ್ಲ. ಕಳೆದ ಅರ್ಧ ಗಂಟೆಯಲ್ಲಿ ಬಣ್ಣದ ಕಲೆಗಳು ಯಾವ ಕಡೆ ಸರಿದಿವೆ, ದೊಡ್ಡದಾಗಿವೆಯೋ ಕುಗ್ಗಿವೆಯೋ ನೋಡಿದರೆ ಮುಂದಿನ ಒಂದೆರಡು ಗಂಟೆಯ ಅಂದಾಜು ಸಿಗುತ್ತದೆ. ಅದಕ್ಕಿಂತ ಮುಂದಕ್ಕೆ ಎಳೆಯಬಾರದು, ಅಷ್ಟರೊಳಗೆ ಆ ಮೋಡಗಳೇ ಸತ್ತು ಬೇರೆಯವು ಹುಟ್ಟಿರುತ್ತವೆ. ರೇಡಾರಿಗೂ ಒಂದು ಮಿತಿ ಇದೆ. ಅದರ ಕಿರಣ ಸ್ವಲ್ಪ ಮೇಲ್ಮುಖವಾಗಿ ಹೋಗುತ್ತದೆ, ಭೂಮಿಯೋ ಕೆಳಕ್ಕೆ ಬಾಗುತ್ತದೆ. 100 ಕಿಲೋಮೀಟರ್ ದೂರದಲ್ಲಿ ಅದು ನೋಡುತ್ತಿರುವುದು ಸುಮಾರು ಒಂದೂವರೆ ಕಿಲೋಮೀಟರ್ ಮೇಲಿನ ಮಳೆಯನ್ನು. ಆ ಮಳೆ ಒಣ ಗಾಳಿಯಲ್ಲಿ ದಾರಿ ಮಧ್ಯೆಯೇ ಆವಿಯಾದರೆ ಫೋನಿನಲ್ಲಿ ಹಸಿರು ಕಲೆ, ಅಂಗಳದಲ್ಲಿ ಒಣ ನೆಲ. ಆಗ ದೂರಕ್ಕೆ ನೋಡಿದರೆ ಮೋಡದ ತಳದಿಂದ ಬೂದು ಎಳೆಗಳು ಜೋತುಬಿದ್ದು ನೆಲ ಮುಟ್ಟದೆ ನಡುವೆಯೇ ನಿಂತಿರುವುದು ಕಾಣುತ್ತದೆ. ಆ್ಯಪ್ ಸುಳ್ಳು ಹೇಳಿಲ್ಲ, ಅದು ಕಂಡ ಮಳೆ ನಮ್ಮವರೆಗೆ ಬಂದಿಲ್ಲ.

ನಾಳೆ, ನಾಡಿದ್ದಿಗೆ ಮುನ್ಸೂಚನೆಯದ್ದೇ ಮೇಲುಗೈ, ಅಲ್ಲಿ ನನ್ನ ಕಣ್ಣು ಏನೂ ಮಾಡಲಾರದು. ಒಂದು ವಾರ ಆಚೆಗಿನ ಗಂಟೆವಾರು ಚಿತ್ರವನ್ನು ತೆರೆಯುವುದೇ ಇಲ್ಲ. ಅಷ್ಟು ದೂರಕ್ಕೆ ಸೆಕೆ ಏರುತ್ತದೋ ಇಳಿಯುತ್ತದೋ, ಒಣ ಹವೆಯೋ ತೇವದ್ದೋ ಅನ್ನುವಷ್ಟು ಗೊತ್ತಾದರೆ ಸಾಕು.

ರಾತ್ರಿ ಮಾತ್ರ ಕಣ್ಣು ಕೈಕೊಡುತ್ತದೆ. ಆಗ ಉಪಗ್ರಹದ ಅತಿಕೆಂಪು ಚಿತ್ರ ನೋಡಬಹುದು, ಆದರೆ ಅದನ್ನು ಓದುವ ರೀತಿ ಬೇರೆ. ಅದರಲ್ಲಿ ಬಿಳಿ ಅಂದರೆ ದಪ್ಪ ಅಂತಲ್ಲ, ತಣ್ಣಗೆ ಅಂತ. ಹನಿಯೂ ಉದುರಿಸದ ಎತ್ತರದ ಸಿರಸ್ ಅಲ್ಲಿ ಬೆಳ್ಳಗೆ ಕಂಡು ಹೆದರಿಸುತ್ತದೆ. ನೆಲಕ್ಕೆ ಅಂಟಿಕೊಂಡ ಪದರು ಮೋಡದ ಉಷ್ಣತೆ ಹೆಚ್ಚುಕಮ್ಮಿ ನೆಲದಷ್ಟೇ ಇರುವುದರಿಂದ ಅದು ಚಿತ್ರದಲ್ಲಿ ಕಾಣುವುದೇ ಕಷ್ಟ. ಇದಕ್ಕಾಗಿ ಎರಡು ಬೇರೆ ಬೇರೆ ಅತಿಕೆಂಪು ತರಂಗಗಳ ಚಿತ್ರವನ್ನು ಒಂದರಿಂದ ಇನ್ನೊಂದನ್ನು ಕಳೆದು ನೋಡುತ್ತಾರೆ, ಹಾಗೆ ಕಳೆದಾಗ ಮಂಜೂ ಕೆಳಗಿನ ಪದರು ಮೋಡವೂ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತವೆ. ಹವಾಮಾನ ಇಲಾಖೆಗಳ ಉಪಗ್ರಹ ಪುಟಗಳಲ್ಲಿ ರಾತ್ರಿಯ ಮಂಜಿನ ಚಿತ್ರ ಅಂತ ಇರುವುದು ಇದೇ. ಮುಂಜಾನೆ ಹೊರಡುವವರು ಸಿರಸ್ಸಿನ ಬಿಳಿಯನ್ನು ಬಿಟ್ಟು ಅದನ್ನೊಂದು ನೋಡಿ ಮಲಗಬಹುದು.